ಗಾಂಧಿ ಕೊಲೆಯೂ ನಮ್ಮ ಮಕ್ಕಳ ಪೀಠಿಕೆಯೂ

ಸಕಲೇಶಪುರ, ಆಲೂರು ತಾಲ್ಲೂಕುಗಳ ಹೈಸ್ಕೂಲು ಮಕ್ಕಳು ಬರೆದ ಪ್ರಬಂಧಗಳ ಒಂದು ಕಟ್ಟು ಈಚೆಗೆ ನಮ್ಮ ಕೈಗೆ ಬಂತು. ಜನವರಿ 30ರ ಸರ್ವೋದಯ ದಿನಕ್ಕೆಂದು ಇಟ್ಟಿದ್ದ ಸ್ಪರ್ಧೆ. ವಿಷಯ, ಮಹಾತ್ಮ ಗಾಂಧಿಯವರ ಹತ್ಯೆ. ಓದಿ ಅಂಕ ಹಾಕಿಕೊಡಿ ಅಂದರು. ಹೇಮಾವತಿ ದಂಡೆಯ ಒಂದು ರೂಮಿನಲ್ಲಿ ನಾವು ಮೂವರು ಒಂದು ಮಧ್ಯಾಹ್ನ ಪೂರ್ತಿ ಕೂತು ಓದಿದೆವು.

ಓದಿದೆವು ಅನ್ನೋದು ದೊಡ್ಡ ಮಾತು. ಹತ್ತು ಪ್ರಬಂಧ ಮುಗಿಯುವ ಹೊತ್ತಿಗೆ ಹನ್ನೊಂದನೆಯದರ ಮೊದಲ ಸಾಲು ಹಾಳೆ ಬಿಡಿಸದೆಯೇ ಗೊತ್ತಾಗುತ್ತಿತ್ತು. ಒಂದೋ ಅದು ಭಾರತದ ಇತಿಹಾಸದ ಕರಾಳ ದಿನ. ಇಲ್ಲವೇ ಸತ್ಯ ಅಹಿಂಸೆಗಳ ಸೂರ್ಯ ಅಂದು ಮುಳುಗಿದ. ಅದೂ ಇಲ್ಲವೆಂದರೆ ಭಾರತಾಂಬೆ ತನ್ನ ಹೆಮ್ಮೆಯ ಪುತ್ರನನ್ನು ಕಳಕೊಂಡಳು. ಯಸಳೂರಿನ ಹುಡುಗನೂ ಅದೇ ಬರೆದಿದ್ದಾನೆ, ಪಾಳ್ಯದ ಹುಡುಗಿಯೂ ಅದೇ ಬರೆದಿದ್ದಾಳೆ. ಮಕ್ಕಳ ತಪ್ಪಲ್ಲ ಇದು. ಗೈಡಿನಲ್ಲಿ ಹಾಗಿದೆ, ಮೇಷ್ಟ್ರ ನೋಟ್ಸಿನಲ್ಲಿ ಹಾಗಿದೆ, ಈಗ ಮೊಬೈಲಿನಲ್ಲೂ ಹಾಗೇ ಇದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಮೂರು ಭಾಗ. ಪೀಠಿಕೆ 'ಆಕರ್ಷಕ'ವಾಗಿರಬೇಕು ಅಂತ ಅಪ್ಪಣೆ. ಆಕರ್ಷಕ ಅಂದರೆ ಏನು ಅಂತ ಯಾರೂ ಹೇಳಿಕೊಡಲಿಲ್ಲ, ಮಕ್ಕಳು ಅಲಂಕಾರವನ್ನೇ ಆಕರ್ಷಣೆ ಅಂದುಕೊಂಡರು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದಾಗ ಎಷ್ಟೊಂದು ಗಲಾಟೆಯಾಯಿತು. ಈ ಕಟ್ಟು ಓದುತ್ತ ನಮಗೆ ಆ ಮಾತೇ ನೆನಪಾಗುತ್ತಿತ್ತು.

ಈ ಮೊದಲ ಸಾಲುಗಳಲ್ಲಿ ನಾವು ಹುಡುಕಿದ್ದು ಒಂದನ್ನೇ. ಕೊಂದವನೆಲ್ಲಿ? ಸೂರ್ಯ ಮುಳುಗಿದರೆ ಅದಕ್ಕೆ ಯಾರೂ ಹೊಣೆಯಲ್ಲ, ದಿನಾ ಮುಳುಗುತ್ತಾನೆ. ಭಾರತಾಂಬೆ ಮಗನನ್ನು ಕಳಕೊಂಡಳು ಅಂದರೆ ಜಾತ್ರೆಯಲ್ಲಿ ಕೈತಪ್ಪಿ ಹೋದ ಹಾಗೆ. ಇನ್ನೊಂದು ತುಂಬ ಜನಪ್ರಿಯ ಸಾಲಿದೆ: ಗಾಂಧೀಜಿ ಗುಂಡಿಗೆ ಬಲಿಯಾದರು. ಬಲಿ ಅಂದರೆ ಏನು ಅಂತ ನಮ್ಮ ಕೇರಿಗಳಿಗೆ ಬೇರೆಯವರು ಹೇಳಬೇಕಿಲ್ಲ. ಮಾರಿಹಬ್ಬದ ಕೋಣಕ್ಕೆ ಬಲಿ ಅನ್ನುತ್ತಾರೆ. ಅಲ್ಲಿ ಕತ್ತಿ ಎತ್ತಿದವನಿಗೆ ಪಾಪವಿಲ್ಲ, ಕೋಣ ಸತ್ತದ್ದು ದೇವರಿಗಾಗಿ. ಗಾಂಧಿ ಸತ್ತದ್ದು ಯಾವ ದೇವರಿಗಾಗಿ ಸ್ವಾಮಿ?

ಎರಡು ಪ್ರಬಂಧಗಳಲ್ಲಿ 'ಗಾಂಧಿ ವಧೆ' ಅಂತಲೇ ಇತ್ತು. ಇದು ಇನ್ನೂ ಅಪಾಯದ ಮಾತು. ಘಟ್ಟದ ಕೆಳಗಿನಿಂದ ಬರುವ ಮೇಳದವರ ಬಯಲಾಟವನ್ನು ರಾತ್ರಿಯೆಲ್ಲ ಕೂತು ನೋಡಿದವರು ನಾವು. ಕೀಚಕ ವಧೆ, ಜರಾಸಂಧ ವಧೆ, ಕಂಸ ವಧೆ. ವಧೆಯಾಗುವವನು ದುಷ್ಟ, ವಧೆ ಮಾಡುವವನಿಗೆ ಆರತಿ. ಮರಾಠಿಯಲ್ಲಿ ಗೋಡ್ಸೆಯ ಪರವಾಗಿ ಮಾತಾಡುವವರು 'ವಧ' ಅನ್ನುವ ಮಾತನ್ನೇ ಹಿಡಿದುಕೊಂಡದ್ದು ಸುಮ್ಮನೆ ಅಲ್ಲ. ಆ ಮಾತು ಆಲೂರಿನ ಒಂಬತ್ತನೇ ಕ್ಲಾಸಿನ ಹುಡುಗನ ಹಾಳೆಗೆ ಬಂದು ಕೂತಿದೆ. ಅವನಿಗೆ ಗೊತ್ತಿಲ್ಲ, ಪಾಪ. ಚೆಂದ ಕಂಡಿತು, ಬರೆದ.

ನಮ್ಮ ತೋಟಗಳಲ್ಲಿ 'ರೈಟರ್' ಅಂದರೆ ಕತೆ ಕವಿತೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಅವನ ಪುಸ್ತಕದಲ್ಲಿ ನಿಮ್ಮ ಹೆಸರು ಬೀಳದಿದ್ದರೆ ನೀವು ದಿನವಿಡೀ ಕಾಫಿ ಕುಯ್ದಿದ್ದರೂ ಕುಯ್ದ ಹಾಗಲ್ಲ, ಬಟವಾಡೆಯ ದಿನ ಕೈ ಬೀಸಿಕೊಂಡು ಬರಬೇಕು. ಬರವಣಿಗೆಯಲ್ಲಿ ಹೆಸರು ಬಿಟ್ಟುಹೋಗುವುದು ಅಂದರೇನು ಅಂತ ಲೈನ್ ಮನೆಯ ಮಕ್ಕಳಿಗೆ ಯಾವ ಪಂಡಿತರೂ ಕಲಿಸಬೇಕಾಗಿಲ್ಲ. ಆದರೂ ಅದೇ ಮಕ್ಕಳ ಕೈಯಲ್ಲಿ ಕೊಲೆಗಾರನ ಹೆಸರೇ ಇಲ್ಲದ ಕೊಲೆಯ ಕತೆ ಬರೆಸುತ್ತೇವೆ, ಬಹುಮಾನವನ್ನೂ ಕೊಡುತ್ತೇವೆ.

ಕಟ್ಟಿನ ಕೆಳಗೆ ಒಂದು ಹಾಳೆ ಇತ್ತು. ಲೈನ್ ಮನೆಯ ಹುಡುಗಿಯದು. ಅವಳ ಪೀಠಿಕೆ ಹೀಗೆ: "ಗಾಂಧಿ ತಾತ ಸತ್ತ ದಿನ ನಮ್ಮ ಪೇಟೆಯಲ್ಲಿ ಮಾಂಸದ ಅಂಗಡಿ ಮುಚ್ಚಿಸುತ್ತಾರೆ. ಆದರೆ ಗಾಂಧಿ ತಾತನನ್ನು ಕೊಂದಿದ್ದು ಮಾಂಸದ ಅಂಗಡಿಯವರಲ್ಲ. ಪೂನಾದ ಒಬ್ಬ ಪೇಪರ್ ಎಡಿಟರ್." ಇಷ್ಟರ ಮೇಲೆ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ 'ವಿಷಯಾಂತರ' ಅಂತ ಷರಾ. ಶಾಲೆಯ ಮಟ್ಟದಲ್ಲಿ ಓದಿದವರು ಯಾರೋ ಎಳೆದಿದ್ದರು. ಕೆಳಗೆ ಬೇರೆ ಅಕ್ಷರದಲ್ಲಿ ಸೂರ್ಯ ಮುಳುಗುವ ಸಾಲನ್ನು ಬರೆದುಕೊಟ್ಟೂ ಇದ್ದರು.

ನಮ್ಮ ಮೂವರೊಳಗೇ ಜಗಳ ಬಿತ್ತು. ಒಬ್ಬರು, ಹಳೆಯ ಮೇಷ್ಟ್ರು, "ಅಲ್ಲ ಕಣ್ರಪ್ಪಾ, ಗಾಂಧಿ ಸಾವಿನ ಪ್ರಬಂಧದಲ್ಲಿ ಮೊದಲ ಸಾಲಿಗೇ ಮಾಂಸದಂಗಡಿ ತಂದರೆ ಗೌರವ ಇರ್ತದಾ?" ಅಂದರು. ಗೌರವದ ಮಾತು ಬಂದದ್ದು ಒಳ್ಳೆಯದೇ ಆಯಿತು. ಯಾರಿಗೆ ಗೌರವ? ಆ ಹುಡುಗಿಯ ಸಾಲಿನಲ್ಲಿ ಅವಳ ಪೇಟೆ ಇದೆ, ಅವಳ ಮನೆಯ ಸಾರು ಇದೆ, ಕೊಂದವನ ಕಸುಬು ಇದೆ, ಊರು ಇದೆ. ಓದಿದವನು ಮುಂದಿನ ಸಾಲಿಗೆ ಹೋಗದೆ ಇರಲಾರ. ನಾಥೂರಾಮ ಗೋಡ್ಸೆ ಪುಣೆಯಲ್ಲಿ ಪತ್ರಿಕೆ ನಡೆಸುತ್ತಿದ್ದದ್ದು ನಿಜ. ಮೊದಲು 'ಅಗ್ರಣಿ', ಆಮೇಲೆ 'ಹಿಂದೂ ರಾಷ್ಟ್ರ'. ಅಂದರೆ ಅವನೂ ದಿನಾ ಪೀಠಿಕೆ ಬರೆಯುತ್ತಿದ್ದವನೇ! ಹುಡುಗಿ ಇದನ್ನು ಎಲ್ಲಿ ಓದಿದಳೋ, ಯಾರು ಹೇಳಿದರೋ.

ಆಕರ್ಷಣೆ ಬೇಕು ಅನ್ನುವವರಿಗೆ ಆ ಶುಕ್ರವಾರದ ಸಂಜೆಯೊಳಗೇ ಬೇಕಾದಷ್ಟಿದೆ. 1948ರ ಜನವರಿ 30. ಸರ್ದಾರ್ ಪಟೇಲರ ಜೊತೆ ಮಾತು ಉದ್ದವಾಗಿ, ಹೊತ್ತು ತಪ್ಪದ ಗಾಂಧಿ ಅಂದು ಪ್ರಾರ್ಥನೆಗೆ ಹೊತ್ತು ತಪ್ಪಿ ಹೊರಟರು. ಒಂದು ಕೈ ಮನುವಿನ ಹೆಗಲ ಮೇಲೆ, ಒಂದು ಕೈ ಆಭಾಳ ಹೆಗಲ ಮೇಲೆ. ಒಬ್ಬ ಅಡ್ಡ ಬಂದು ಕೈಮುಗಿದ. ತಡವಾಗಿದೆ ಅಂದ ಮನುವನ್ನು ತಳ್ಳಿದ. ಬೆರೆಟ್ಟಾ ಪಿಸ್ತೂಲಿನಿಂದ ಮೂರು ಗುಂಡು. ಸಂಜೆ 5 ಗಂಟೆ 17 ನಿಮಿಷ. ಹತ್ತೇ ದಿನದ ಹಿಂದೆ ಅದೇ ಬಿರ್ಲಾ ಭವನದಲ್ಲಿ ಬಾಂಬು ಸಿಡಿದಿತ್ತು, ಮದನಲಾಲ್ ಪಹ್ವಾ ಸಿಕ್ಕಿಬಿದ್ದಿದ್ದ. ಪೊಲೀಸರಿಗೆ ಸುಳಿವೂ ಸಿಕ್ಕಿತ್ತು. ಇಷ್ಟಿದ್ದೂ ಆದ ಕೊಲೆಯನ್ನು ಸೂರ್ಯಾಸ್ತ ಅನ್ನೋದು ಬರೀ ಚಂದದ ಮಾತಲ್ಲ, ಹೊಣೆ ಹೊರಬೇಕಾದವರನ್ನು ಮನೆಗೆ ಕಳಿಸುವ ಮಾತು.

ಆ ಸಂಜೆ ಮೊದಲ ಸಾಲು ಬರೆಯಬೇಕಾಗಿದ್ದವರು ಇನ್ನೊಬ್ಬರಿದ್ದರು, ಆಕಾಶವಾಣಿಯವರು. ದೇಶ ಒಡೆದು ಆರು ತಿಂಗಳೂ ಆಗಿರಲಿಲ್ಲ. ಕೊಂದವನು ಮುಸಲ್ಮಾನ ಅನ್ನುವ ಗುಲ್ಲು ಬಿರ್ಲಾ ಭವನದ ಬಾಗಿಲಲ್ಲೇ ಎದ್ದಿತ್ತು. ಆ ಗುಲ್ಲು ಬೆಳಗಿನವರೆಗೆ ಬದುಕಿದ್ದರೆ ಎಷ್ಟು ಕೇರಿಗಳು ಸುಟ್ಟು ಹೋಗುತ್ತಿದ್ದವೋ. ಗಾಂಧಿಯ ಸಾವಿನ ಸುದ್ದಿಯ ಜೊತೆಗೇ ರೇಡಿಯೋ ಹೇಳಿತು, ಕೊಂದವನು ಒಬ್ಬ ಹಿಂದೂ ಅಂತ. ಆಮೇಲೆ ನೆಹರೂ ಬಂದು ಬೆಳಕು ಆರಿತು ಅಂದದ್ದು ಎಲ್ಲರಿಗೂ ನೆನಪಿದೆ. ನಮ್ಮ ಗೈಡುಗಳ ಸೂರ್ಯಾಸ್ತಗಳೆಲ್ಲ ಆ ಬೆಳಕಿನ ಮರಿಗಳು. ಆದರೆ ಜೀವ ಉಳಿಸಿದ್ದು ಅಲಂಕಾರವಿಲ್ಲದ ಆ ಮೊದಲ ಸುದ್ದಿ. ಗೆಳೆಯರೇ, ಪೀಠಿಕೆ ಅಂದರೆ ಅದು.

ಹಾಗಂತ ಕೊಂದವನ ಜಾತಿ ಮತ ಬರೆದುಬಿಟ್ಟರೆ ಆಯಿತು ಅನ್ನುವ ಹಾಗೂ ಇಲ್ಲ. ಅದೇ 1948ರಲ್ಲಿ ಮಹಾರಾಷ್ಟ್ರದಲ್ಲಿ ಗೋಡ್ಸೆಯ ಜಾತಿಯವರು ಅಂತ ಏನೂ ಮಾಡದವರ ಮನೆಗಳಿಗೆ ಬೆಂಕಿ ಬಿತ್ತು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯನ್ನು ಅವರ ಕಾವಲಿನವರೇ ಕೊಂದರು. 1978ರಲ್ಲಿ ನಮ್ಮ ಪಕ್ಕದ ಚಿಕ್ಕಮಗಳೂರಿನಿಂದಲೇ ಗೆದ್ದು ಹೋಗಿದ್ದ ಹೆಣ್ಣುಮಗಳು ಅವರು. 'ಸಿಖ್ಖರು' ಅನ್ನುವ ಒಂದು ಪದ ಸುದ್ದಿಯಿಂದ ಬೀದಿಗೆ ಇಳಿಯಿತು, ಅದನ್ನು ಹಿಡಿದು ಬೆಂಕಿ ಹಚ್ಚುವವರು ಬೀದಿಯಲ್ಲಿ ತಯಾರಿದ್ದರು. ಸರ್ಕಾರದ ಲೆಕ್ಕದಲ್ಲೇ ದೆಹಲಿಯೊಂದರಲ್ಲಿ 2,733 ಜನ ಸತ್ತರು. ಇಂದಿರಾ ಕೊಲೆಯ ಪ್ರಬಂಧಗಳು 'ಉಕ್ಕಿನ ಮಹಿಳೆ'ಯಲ್ಲಿ ಶುರುವಾಗಿ ಈ 2,733 ಜನರನ್ನು ಮುಟ್ಟದೇ ಮುಗಿಯುತ್ತವೆ. ರಾಜೀವ್ ಗಾಂಧಿ ಸತ್ತದ್ದು 1991ರ ಮೇ 21, ಶ್ರೀಪೆರಂಬುದೂರಿನಲ್ಲಿ. ಕೊಲೆಯ ಸಂಚುಗಾರ ಶಿವರಾಸನ್ ಕಡೆಗೆ ಸತ್ತದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ. ನಮ್ಮ ತೋಟದ ಲೈನುಗಳಲ್ಲಿ ತಮಿಳು ಮಾತಾಡುವ ಮನೆಗಳಿವೆ, ಆ ಮನೆಯ ಮಕ್ಕಳೂ ಇದೇ ಬೆಂಚಿನ ಮೇಲೆ ಕೂತು ಪ್ರಬಂಧ ಬರೆಯುತ್ತಾರೆ. 'ತಮಿಳರು ಕೊಂದರು' ಅಂತ ಪೀಠಿಕೆ ಬರೆಸುವ ಮೇಷ್ಟ್ರು ಒಂದು ಸಲ ತಲೆ ಎತ್ತಿ ಆ ಬೆಂಚಿನ ಕಡೆ ನೋಡಲಿ. ಕೊಂದವನಿಗೆ ಹೆಸರಿದೆ, ಸಂಘಟನೆ ಇದೆ, ಕಾರಣ ಇದೆ. ಅವನ್ನು ಬರೆಯಬೇಕು.

ಇನ್ನು ನಮ್ಮವರ ವಿಷಯ. ಕಟ್ಟಿನಲ್ಲಿ ಮೂರು ಹಾಳೆಗಳು ನಮ್ಮ ಚಳವಳಿಯ ಮನೆಗಳಿಂದಲೇ ಬಂದಿದ್ದವು ಅಂತ ಓದಿದರೇ ಗೊತ್ತಾಗುತ್ತಿತ್ತು. ಮೂರೂ ಪೂನಾ ಒಪ್ಪಂದದಿಂದ ಶುರು. 1932ರ ಸೆಪ್ಟೆಂಬರಿನಲ್ಲಿ ಯರವಡಾ ಜೈಲಿನಲ್ಲಿ ಉಪವಾಸ ಕೂತು ಬಾಬಾಸಾಹೇಬರ ಕೈಯಿಂದ ಪ್ರತ್ಯೇಕ ಮತಕ್ಷೇತ್ರ ಕಿತ್ತುಕೊಂಡ ಗಾಂಧಿ. ಆ ಸಿಟ್ಟು ನಮ್ಮದೂ ಹೌದು, ಅದನ್ನು ಯಾರೂ ನಮ್ಮಿಂದ ಬಿಡಿಸಲಾರರು. ಆದರೆ ಆ ಹುಡುಗರು ಅಲ್ಲಿಂದ ಮುಂದೆ ಹೋಗಲೇ ಇಲ್ಲ. ಮೂರು ಗುಂಡು ಎಲ್ಲಿ ಹೋದವು? ಗೋಡ್ಸೆ ಗುಂಡು ಹಾರಿಸಿದ್ದು ಪೂನಾ ಒಪ್ಪಂದದ ಅನ್ಯಾಯಕ್ಕಾಗಿ ಅಲ್ಲವಲ್ಲ. ದೆಹಲಿಯ ಮುಸಲ್ಮಾನರ ಜೀವ ಉಳಿಯಬೇಕು ಅಂತ ಗಾಂಧಿ 1948ರ ಜನವರಿ 13ರಿಂದ 18ರವರೆಗೆ ಉಪವಾಸ ಕೂತರು, ಪಾಕಿಸ್ತಾನಕ್ಕೆ ಸಲ್ಲಬೇಕಾದ 55 ಕೋಟಿ ಸಂದಿತು. ಅದು ಅವನ ಕಣ್ಣು ಕೆಂಪಾಗಿಸಿತು. ಅದಕ್ಕೂ ಹಿಂದೆ, 1934ರ ಜೂನ್ 25ರಂದು, ಅಸ್ಪೃಶ್ಯತೆಯ ವಿರುದ್ಧ ದೇಶ ತಿರುಗುತ್ತಿದ್ದ ಗಾಂಧಿಗೆಂದು ಪುಣೆಯಲ್ಲೇ ಒಂದು ಬಾಂಬು ಬಿತ್ತು, ಅದು ಬೇರೆ ಕಾರಿನ ಪಾಲಾಯಿತು. ಗಾಂಧಿಯ 'ಹರಿಜನ' ಅನ್ನುವ ಹೆಸರು ನಮಗೆ ಬೇಡ. ಆದರೆ ನಮ್ಮನ್ನು ಗುಡಿಯೊಳಗೆ ಬಿಡಿ ಅಂದದ್ದಕ್ಕೇ ಬಾಂಬು ಹಾಕುವಷ್ಟು ಸಿಟ್ಟಾದವರು ಯಾರು ಅನ್ನುವ ಪ್ರಶ್ನೆ ನಮ್ಮದೇ. ಅದನ್ನು ಕೇಳದೆ ಬಿಟ್ಟರೆ ನಮ್ಮ ಪೀಠಿಕೆಯೂ ಇನ್ನೊಂದು ಬಗೆಯ ಗೈಡೇ. ಬಾಬಾಸಾಹೇಬರು ಆಗ ಕಾನೂನು ಮಂತ್ರಿ, ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರು. ಗಾಂಧಿಯ ಜೊತೆ ಜೀವಮಾನವಿಡೀ ಜಗಳವಾಡಿದ ಅವರ ಕೈಯಲ್ಲಿ ಇದ್ದದ್ದು ಪೆನ್ನು.

ಅಂಕದ ವಿಷಯಕ್ಕೆ ಬಂದರೆ, ಹಳೆಯ ಮೇಷ್ಟ್ರು ಸಂಜೆಯ ಹೊತ್ತಿಗೆ ಮೆತ್ತಗಾದರು. ಮಾಂಸದಂಗಡಿಯ ಪೀಠಿಕೆಗೆ ಪೂರ್ತಿ ಅಂಕ ಹಾಕಲು ಒಪ್ಪಿದರು. ಪ್ರಬಂಧದ ಉಳಿದ ಭಾಗ ಅಷ್ಟು ಚೆನ್ನಾಗಿರಲಿಲ್ಲ, ಅದನ್ನೂ ಹೇಳಬೇಕು. ಎರಡನೇ ಪುಟದಿಂದ ಹುಡುಗಿ ಗೈಡಿಗೇ ಮರಳಿದ್ದಳು. ಕೆಂಪು ಶಾಯಿ ಬಿದ್ದಮೇಲೆ ಎಷ್ಟು ಹೊತ್ತು ತಾನೇ ಒಬ್ಬಳೇ ನಿಲ್ಲುತ್ತಾಳೆ? ಎರಡನೇ ಬಹುಮಾನ ಬಂತು. ಜನವರಿ 30ರಂದು ಬೆಳಿಗ್ಗೆ 11ಕ್ಕೆ ಶಾಲೆಯಲ್ಲಿ ಮೌನ ಆಚರಿಸಿ ಬಹುಮಾನ ಹಂಚಿದಾಗ ಅವಳು ಬಂದಿರಲಿಲ್ಲ. ಕುಯ್ಲಿನ ಕಾಲ. ತಾಯಿಯ ಜೊತೆ ತೋಟಕ್ಕೆ ಹೋಗಿದ್ದಳು ಅಂದರು.

ಹಳ್ಳಿ ಶಾಲೆಗಳ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಮಕ್ಕಳು ಇಂಥ ವಿಷಯಗಳ ಮೇಲೆ ಬರೆದ ಮೊದಲ ಸಾಲುಗಳನ್ನು ನಮಗೆ ಕಳಿಸಿ. ತಿದ್ದಿ ಕಳಿಸಬೇಡಿ. ಈಗಾಗಲೇ ತಿದ್ದಿದ್ದರೆ ಕೆಂಪು ಗೀಟಿನ ಸಮೇತ ಕಳಿಸಿ, ಹಾಗೇ ಅಚ್ಚು ಹಾಕುತ್ತೇವೆ.