ಮೋಡದ ಕೀಲಿಕೈ

ಹಿಪ್ಪರಗಿಯ ಮಂದಿಗೆ ಮೋಡದ ವಿಚಾರವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಮ್ಮ ನೆತ್ತಿಯ ಮೇಲೆ ಬಂದ ಮೋಡ ಬಹಳ ಸಲ ಬರಿ ನೆರಳು ಚೆಲ್ಲಿ ಹೋಗುತ್ತದೆ. ನಮ್ಮ ಕೃಷ್ಣೆಯನ್ನು ತುಂಬಿಸುವ ಮೋಡವೇ ಬೇರೆ. ಅದು ಮಹಾಬಳೇಶ್ವರದ ಕಡೆ, ಕೊಯ್ನಾ ಕಣಿವೆಯಲ್ಲಿ ಸುರಿಯುತ್ತದೆ. ಅಲ್ಲಿ ಸುರಿದದ್ದು ಇಲ್ಲಿಯ ಬ್ಯಾರೇಜಿನಲ್ಲಿ ಬಂದು ನಿಂತರೆ ಕಬ್ಬಿಗೆ ನೀರು. ಅಳತೆ ಮೀರಿತೆಂದರೆ 2005ರ ಹಾಗೆ, 2019ರ ಆಗಸ್ಟಿನ ಹಾಗೆ, ಹೊಳೆಯೇ ಎದ್ದು ಹೊಲಕ್ಕೆ ಬರುತ್ತದೆ. ಕಾಣದ ಊರಿನ ಮೋಡ ನಮ್ಮ ಒಲೆಯ ಹಣೆಬರಹ ಬರೆಯುತ್ತದೆಂಬುದು ಈ ದಂಡೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ಎಂಜಿನಿಯರಿಂಗ್ ಓದುವ ನಮ್ಮ ಹುಡುಗಿಯರ ಕೈಯಲ್ಲಿ 'ಕ್ಲೌಡ್ ಕಂಪ್ಯೂಟಿಂಗ್' ಎಂಬ ಪುಸ್ತಕ ಕಂಡಾಗ, ಇದು ಯಾವ ಮೋಡ, ಎಲ್ಲಿ ಸುರಿಯುತ್ತದೆ, ಗೇಟು ಯಾರ ಕೈಯಲ್ಲಿದೆ ಎಂದು ಬಿಡಿಸಿ ನೋಡಬೇಕೆನಿಸಿತು.

ಮದುವೆ ಮಾಡಿದ ಮನೆಯವರಿಗೆ ಈ ವಿಷಯ ಕಠಿಣವೇನಲ್ಲ. ಒಂದು ದಿನದ ಊಟಕ್ಕಾಗಿ ಯಾರೂ ಸಾವಿರ ತಾಟು, ಹತ್ತು ಕೊಪ್ಪರಿಗೆ ಕೊಂಡಿಡುವುದಿಲ್ಲ, ಬಾಡಿಗೆಗೆ ತರುತ್ತೇವೆ. ಮಂದಿ ಹೆಚ್ಚಾದರೆ ಇನ್ನಷ್ಟು ತರಿಸುತ್ತೇವೆ, ಮುಗಿದ ಮೇಲೆ ಎಣಿಸಿ ಹಿಂದಿರುಗಿಸುತ್ತೇವೆ. ಬರಿ ಮಂಗಲ ಕಾರ್ಯಾಲಯವನ್ನಷ್ಟೇ ಹಿಡಿದರೆ ಒಂದು ಬಗೆ. ಒಲೆ, ಪಾತ್ರೆ, ನೀರು, ಕೆಲಸದವರನ್ನೆಲ್ಲ ಅವರೇ ಒದಗಿಸಿ ನಾವು ಅಡುಗೆಯನ್ನು ಮಾತ್ರ ಮಾಡಿಕೊಂಡರೆ ಇನ್ನೊಂದು ಬಗೆ. ತಾಟಿನ ಲೆಕ್ಕದಲ್ಲಿ ಊಟವನ್ನೇ ಗುತ್ತಿಗೆ ಕೊಟ್ಟು ಪಂಕ್ತಿಯಲ್ಲಿ ಕೂತುಬಿಟ್ಟರೆ ಮೂರನೆಯದು. ಕಂಪ್ಯೂಟರಿನ ಬಾಡಿಗೆಯಲ್ಲೂ ಈ ಮೂರೇ ಬಗೆ. ಪುಸ್ತಕದಲ್ಲಿ ಅವಕ್ಕೆ ಇನ್‌ಫ್ರಾಸ್ಟ್ರಕ್ಚರ್, ಪ್ಲಾಟ್‌ಫಾರ್ಮ್, ಸಾಫ್ಟ್‌ವೇರ್ ಎಂಬ ಹೆಸರು. ಒಂದು ದೊಡ್ಡ ಯಂತ್ರವನ್ನು ಹಲವು ಯಂತ್ರಗಳೆಂಬಂತೆ ಪಾಲು ಮಾಡಿ ಕೊಡುವ ಉಪಾಯಕ್ಕೆ ವರ್ಚುವಲೈಜೇಶನ್ ಎನ್ನುತ್ತಾರೆ. ಒಬ್ಬರ ಮನೆಯ ಜಗಳ ಪಕ್ಕದವರ ಕಿವಿಗೆ ಬೀಳದಂಥ ಚಾಳು ಎನ್ನಬಹುದು. ನಮ್ಮ ಕಡೆ ಅಂಥ ಚಾಳನ್ನು ಇನ್ನೂ ಯಾರೂ ಕಟ್ಟಿಲ್ಲ.

ವಿಚಾರವೂ ಹಳೆಯದೇ. ದೂರವಾಣಿಯ ಹಾಗೆ ಗಣಕವೂ ಒಂದು ದಿನ ಸಾರ್ವಜನಿಕ ಸೇವೆಯಾದೀತೆಂದು ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ 1961ರಲ್ಲಿಯೇ ಹೇಳಿದ್ದರು. ಅಮೆಜಾನ್ ಕಂಪನಿ 2006ರಲ್ಲಿ ತನ್ನ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟ ಮೇಲೆ ಆ ಮಾತು ದಂಧೆಯಾಯಿತು. ನಮ್ಮ ಕೇಂದ್ರ ಸರಕಾರವೂ ತನ್ನ ಕಚೇರಿಗಳಿಗಾಗಿ ಇಂಥದೊಂದು ಏರ್ಪಾಡು ಮಾಡಿಕೊಂಡು ಅದಕ್ಕೆ 'ಮೇಘರಾಜ' ಎಂದು ಚೆಂದದ ಹೆಸರಿಟ್ಟಿದೆ.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಈ ವಿಷಯಕ್ಕೆ ಇಟ್ಟ ಪುಸ್ತಕ 2013ರಲ್ಲಿ ಬಂದದ್ದು. ಬರೆದವರು ಮೂವರು. ಮೊದಲನೆಯವರಾದ ರಾಜಕುಮಾರ್ ಬುಯ್ಯ ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಓದಿ, ಮುಂದೆ ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ ಪ್ರಾಧ್ಯಾಪಕರಾದವರು. ಮತ್ತೊಬ್ಬರು ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಕಲಿಸಿದ ತಾಮರೈ ಸೆಲ್ವಿ ಎಂಬ ಹೆಣ್ಣುಮಗಳು. ನಮ್ಮ ಹುಡುಗಿಯರಿಗೆ ಇದನ್ನು ಒತ್ತಿ ಹೇಳಬೇಕು. ಬುಯ್ಯ ಅವರ ಬಳಗ ಮೆಲ್ಬೋರ್ನ್‌ನಲ್ಲಿ ಸಿದ್ಧಪಡಿಸಿದ ತಂತ್ರಾಂಶವೊಂದರ ಹೆಸರು 'ಅನೇಕಾ'. ಅದಕ್ಕೆ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ. ಅನೇಕ ಯಂತ್ರಗಳನ್ನು ಒಂದರಂತೆ ದುಡಿಸುವುದರಿಂದ ಆ ಹೆಸರು. ನಮ್ಮ ಅಡುಗೆಮನೆಯ ಮಾತಿನಲ್ಲೂ ಇರುವ ಈ ಶಬ್ದ ಇಂಗ್ಲಿಷ್ ಅಕ್ಷರದಲ್ಲಿ ಕೂತಾಗ, ಅಕ್ಕನ ಮಗಳು ಅದನ್ನು ಯಾವುದೋ ಪರದೇಶದ ಹೆಸರೆಂದು ತಿಳಿದು ಬಾಯಿಪಾಠ ಮಾಡುತ್ತಿದ್ದಳು. "ಅನೇಕ ಅಂದ್ರ ಅನೇಕನ, ತಂಗಿ" ಎಂದಾಗ ಅವಳ ಮುಖ ಅರಳಿತು. ಒಂದು ಶಬ್ದ ತನ್ನದೆನಿಸಿದಾಗ ಒಂದು ಪಾಠ ಎಷ್ಟು ಹತ್ತಿರ ಬರುತ್ತದೆ! ಮೊದಲ ವರ್ಷ ಒಂದು ಕ್ರೆಡಿಟ್ಟಿನ ಕನ್ನಡ ಓದಿಸಿ ಮುಂದೆ ಕೈಬಿಡುವ ಬದಲು, ಇಂಥ ವಿಷಯಗಳಿಗೇ ಹತ್ತಿಪ್ಪತ್ತು ಪುಟದ ಕನ್ನಡ ಕೈಪಿಡಿ ಕೊಟ್ಟಿದ್ದರೆ ಆಗುತ್ತಿತ್ತು.

ಪುಸ್ತಕ ಒಳ್ಳೆಯದು. ಯಂತ್ರದ ಒಳಗಿನ ತತ್ವದಿಂದ ಹಿಡಿದು, ಹೃದಯದ ಬಡಿತದ ದಾಖಲೆಯನ್ನು ದೂರದಿಂದಲೇ ಪರಿಶೀಲಿಸುವ ಉಪಯೋಗದವರೆಗೆ ಕ್ರಮವಾಗಿ ಕರೆದುಕೊಂಡು ಹೋಗುತ್ತದೆ. ದೊಡ್ಡ ದವಾಖಾನೆಗೆ ಗಂಟೆಗಟ್ಟಲೆ ಹಾದಿ ಸವೆಸುವ ನಮ್ಮಂಥ ಊರಿನವರಿಗೆ ಅದೊಂದು ಉದಾಹರಣೆ ಸಾಕು, ಈ ವಿದ್ಯೆ ಯಾಕೆ ಬೇಕೆಂದು ತಿಳಿಯಲು.

ನನ್ನ ತಕರಾರು ಇರುವುದು ಅದನ್ನು ಕಲಿಸಿದ ರೀತಿಯ ಮೇಲೆ. 2018ರ ಕ್ರಮದಲ್ಲಿ ಇದು ಆರನೆಯ ಸೆಮಿಸ್ಟರಿನ ಐಚ್ಛಿಕ ವಿಷಯ. ಮೂರು ಕ್ರೆಡಿಟ್, ಐದು ಭಾಗ; ಪ್ರಯೋಗಶಾಲೆ ಇಲ್ಲ. ಪ್ರಶ್ನೆಪತ್ರಿಕೆಗಳಲ್ಲಿ 'ಅಂದವಾದ ಚಿತ್ರದೊಡನೆ ವಿವರಿಸಿ' ಎಂಬುದು ವಾಡಿಕೆಯ ಮಾತು. ಹುಡುಗಿಯರು ಪೆನ್ಸಿಲಿನಿಂದ ಮೋಡ ಬರೆದು, ಬಾಣ ಹಾಕಿ, ಅಂಕ ತಂದರು. ಒಲೆ ಹಚ್ಚದೆ ಹೋಳಿಗೆಯ ಲಕ್ಷಣ ಬರೆದಂತಾಯಿತು ಇದು.

2022ರ ಪಠ್ಯಕ್ರಮ ಬಂದಾಗ ಈ ಕೊರತೆ ನೀಗಿತು, ಪ್ರಯೋಗಗಳು ಸೇರಿದವು. ಸಂತೋಷದ ಮಾತೇ. ಆದರೆ ಆ ಪ್ರಯೋಗಗಳ ಪಟ್ಟಿ ಓದಿ ನೋಡಿ: ಯಂತ್ರ ತೆರೆಯುವುದು, ಕಡತ ಇಡುವುದು, ದತ್ತಾಂಶ ಜೋಡಿಸುವುದು, ಎಲ್ಲವೂ ಗೂಗಲ್ ಕ್ಲೌಡ್ ಎಂಬ ಒಂದೇ ಅಂಗಡಿಯ ಕಟ್ಟೆಯ ಮೇಲೆ. ಆ ಅಂಗಡಿಯ ಮಾಲು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವಿಶ್ವವಿದ್ಯಾಲಯದ ಪಾಠ ಒಂದೇ ಅಂಗಡಿಯ ಬಾಗಿಲಿಗೆ ದಾರಿ ತೋರಿಸಿದರೆ, ಹುಡುಗಿ ಕಲಿಯುವುದು ಆ ಅಂಗಡಿಯ ಗುಂಡಿಗಳನ್ನು ಒತ್ತುವುದನ್ನು. ನಾಳೆ ಗುಂಡಿಗಳ ಜಾಗ ಬದಲಾದರೆ ವಿದ್ಯೆಯೂ ಹಳತಾಗುತ್ತದೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯವರಿಗೆ ಈ ಸಂಗತಿ ಬಿಡಿಸಿ ಹೇಳಬೇಕೇ? ನೂಲು ಕೊಡುವವನೂ ಅವನೇ, ಸೀರೆ ಒಯ್ಯುವವನೂ ಅವನೇ ಆದಾಗ ಮಜೂರಿ ಕಟ್ಟುವವನೂ ಅವನೇ ಆಗುತ್ತಾನೆ.

ಬಾಡಿಗೆಯ ಲೆಕ್ಕಕ್ಕೂ ಪಾಠದಲ್ಲಿ ತಕ್ಕ ಜಾಗ ಇಲ್ಲ. ತೆರೆದ ಯಂತ್ರವನ್ನು ಮುಚ್ಚಲು ಮರೆತರೆ, ನಳ ತಿರುವದೆ ಊರಿಗೆ ಹೋದಂತೆ, ಮೀಟರು ಓಡುತ್ತಲೇ ಇರುತ್ತದೆ. ಮನೆಯಲ್ಲಿ ಸ್ವಂತ ಅಭ್ಯಾಸ ಮಾಡಹೊರಟರೆ, ಪುಕ್ಕಟೆ ಎಂಬ ಖಾತೆ ತೆರೆಯುವುದಕ್ಕೂ ಈ ಕಂಪನಿಗಳು ಬ್ಯಾಂಕಿನ ಕಾರ್ಡು ಕೇಳುತ್ತವೆ. ಆ ಕಾರ್ಡು ಬಹುತೇಕ ಅಪ್ಪನದು. ಬಿಲ್ಲು ಓದುವುದನ್ನೂ, ಮಿತಿ ಹಾಕುವುದನ್ನೂ ಕಲಿಸದೆ ಯಂತ್ರ ತೆರೆಯುವುದನ್ನು ಮಾತ್ರ ಕಲಿಸುವುದು ಸಂಸಾರವಂದಿಗರ ರೀತಿಯಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಗೇಟಿನದು. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕೇಂದ್ರಗಳ ವ್ಯವಸ್ಥೆಯಲ್ಲಿ ತೊಡಕಾಗಿ, ಜಗತ್ತಿನ ಎಷ್ಟೋ ಸೇವೆಗಳು ಗಂಟೆಗಟ್ಟಲೆ ನಿಂತುಹೋದವು. ಅಲ್ಲಿ ಮೋಡ ಕೆಟ್ಟರೆ ಮತ್ತೆಲ್ಲಿಯದೋ ಅಂಗಡಿಯ ಬಾಗಿಲು ಮುಚ್ಚುತ್ತದೆ. ಕೊಯ್ನಾದಿಂದ ನೀರು ಬಿಟ್ಟರೆಂದು ಕೇಳಿದೊಡನೆ ದನ ಬಿಚ್ಚುವ, ಕಾಳಿನ ಚೀಲ ಅಟ್ಟಕ್ಕೇರಿಸುವ ನಮ್ಮ ಹೆಂಗಸರಿಗೆ ಈ ಪಾಠ ರಕ್ತದಲ್ಲಿದೆ. ಒಂದು ಪ್ರತಿ ಬೇರೆ ಕಡೆ ಇಟ್ಟಿರಬೇಕು. ಒಬ್ಬನನ್ನು ಬಿಟ್ಟು ಇನ್ನೊಬ್ಬನ ಬಳಿ ಹೋಗುವ ದಾರಿ ಮೊದಲೇ ಗೊತ್ತಿರಬೇಕು. ನಮ್ಮ ಮಾಹಿತಿ ಯಾವ ದೇಶದಲ್ಲಿದೆ, ಯಾವ ಕಾಯಿದೆಗೆ ಒಳಪಟ್ಟಿದೆ ಎಂದು ತಿಳಿದಿರಬೇಕು. ನಮ್ಮ ಸಂಸತ್ತು 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯನ್ನೇ ಮಾಡಿತು. ಇವು ಪುಸ್ತಕದ ಅಂಚಿನಲ್ಲಿ ಬರೆದಿಡುವ ಟಿಪ್ಪಣಿಗಳಲ್ಲ, ಪಾಠದ ನಡುಮನೆಯಲ್ಲಿ ಇರಬೇಕಾದವು.

"ಅಕ್ಕಾರ, ನೌಕರಿ ಸಿಕ್ಕರ ಸಾಕ್ರಿ, ಈ ತತ್ವ ಯಾಕ?" ಎಂದು ಕೇಳುವವರಿದ್ದಾರೆ. ನೌಕರಿ ಬೇಕು, ಖರೆ. ಹೊಲ ಒತ್ತೆಯಿಟ್ಟು ಫೀ ತುಂಬಿದ ಮನೆಗೆ ತತ್ವದಿಂದ ಹೊಟ್ಟೆ ತುಂಬುವುದಿಲ್ಲ. ಆದರೆ ಒಂದು ಅಂಗಡಿಯ ಗುಂಡಿ ಒತ್ತಬಲ್ಲವರು ಪ್ರತಿ ವರ್ಷ ಹಿಂಡುಗಟ್ಟಿ ಹೊರಬೀಳುತ್ತಾರೆ. ಯಾವುದು ಅಗ್ಗ, ಯಾವುದು ಭದ್ರ, ಬಿಟ್ಟು ಹೊರಡುವುದು ಹೇಗೆ ಎಂದು ಹೇಳಬಲ್ಲವಳಿಗೆ ಮಾತಿನ ಬೆಲೆ ಇರುತ್ತದೆ. ಅವಳ ಕೆಲಸ ಅಷ್ಟು ಸುಲಭವಾಗಿ ಹೋಗುವುದೂ ಇಲ್ಲ.

ಉಪಾಯ ದುಬಾರಿಯದಲ್ಲ. ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸಂಸ್ಥೆಗಳು 2010ರಲ್ಲಿ ಹೊರತಂದ 'ಓಪನ್‌ಸ್ಟ್ಯಾಕ್' ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಕಾಲೇಜಿನಲ್ಲಿರುವ ನಾಲ್ಕೈದು ಗಟ್ಟಿ ಯಂತ್ರಗಳನ್ನು ಜೋಡಿಸಿ, ವಿದ್ಯಾರ್ಥಿಗಳೇ ತಮ್ಮದೊಂದು ಪುಟ್ಟ ಮೋಡ ಕಟ್ಟಲಿ. ಅದು ಕೆಡಲಿ, ಅವರೇ ರಿಪೇರಿ ಮಾಡಲಿ. ಆಮೇಲೆ ಗೂಗಲ್ಲಿಗೂ ಹೋಗಲಿ, ಅಮೆಜಾನಿಗೂ ಹೋಗಲಿ, ಎರಡರ ಬಿಲ್ಲನ್ನೂ ಹೋಲಿಸಿ ಬರೆಯಲಿ. ಸ್ವಂತ ಒಲೆಯಲ್ಲಿ ಅಡುಗೆ ಮಾಡಿದವಳಿಗೇ ಖಾನಾವಳಿಯವನ ಲೆಕ್ಕ ತಿಳಿಯುತ್ತದೆ.

ಮಗಳು ರಜೆಗೆ ಬಂದಾಗ ಅಂಕ ಎಷ್ಟೆಂದು ನಾವೆಲ್ಲ ಕೇಳುತ್ತೇವೆ. ಅದರ ಜೊತೆಗೆ ಇನ್ನೊಂದನ್ನೂ ಕೇಳೋಣ: "ಮೋಡದಾಗ ಇಟ್ಟಿದ್ದನ್ನ ವಾಪಸ್ ತರೂದು ಹ್ಯಾಂಗಂತ ಕಲಿಸ್ಯಾರೇನವ್ವಾ?" ಇಲ್ಲವೆಂದರೆ, ಕಾಲೇಜಿಗೆ ಹೋಗಿ ಗುರುಗಳನ್ನು ಕೇಳಲು ಅವಳಿಗೆ ಧೈರ್ಯ ಹೇಳಿ ಕಳಿಸೋಣ.