ಕೈಯ ತಂಬೂರಿ, ಪೆಟ್ಟಿಗೆಯ ಶ್ರುತಿ: ವಿದ್ಯುನ್ಮಾನ ವಾದ್ಯವಿನ್ಯಾಸದ ಒಂದು ವಿವೇಚನೆ

ವಾದ್ಯವೊಂದರ ವಿನ್ಯಾಸವನ್ನು ಅದರ ಆಕಾರ ಮತ್ತು ನಾದಗಳ ನೆಲೆಯಲ್ಲಿ ಮಾತ್ರ ಅಳೆದರೆ ಸಾಲದು. ಅದು ಯಾರ ಕೈಯಲ್ಲಿದ್ದು, ಯಾವ ಹಾಡಿಕೆಗೆ ಒದಗುತ್ತದೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಕರ್ನಾಟಕದಲ್ಲಿ ರೂಪುಗೊಂಡ ವಿದ್ಯುನ್ಮಾನ ತಂಬೂರಿಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗಿದೆ.

ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಮೂಲಕ ಅದು ಸಂಗೀತಗಾರರ ನಿತ್ಯಬಳಕೆಗೆ ಬಂದಿತು. ವಿನ್ಯಾಸದ ಸವಾಲು ಸಣ್ಣದಾಗಿರಲಿಲ್ಲ. ತಂಬೂರಿಯ ಅಗಲವಾದ, ತುಸು ಬಾಗಿದ ಕುದುರೆಯೂ ತಂತಿಯಡಿಯ ಜೀವಾಳದ ನೂಲೂ ಸೇರಿ ಮೂಲಸ್ವರದೊಡನೆ ಹಲವು ಉಪಸ್ವರಗಳನ್ನು ಮೊಳಗಿಸುತ್ತವೆ. ತಂತಿಯ ಕಂಪನದ ಬಗೆಗೆ ಪಾಶ್ಚಾತ್ಯ ವಿಜ್ಞಾನ ನಿರೂಪಿಸಿದ್ದ ಯಂಗ್-ಹೆಲ್ಮ್‌ಹೋಲ್ಟ್ಸ್ ನಿಯಮಕ್ಕೆ ತಂಬೂರಿ ಮತ್ತು ವೀಣೆಗಳು ಒಳಪಡುವುದಿಲ್ಲವೆಂದು ಸಿ.ವಿ. ರಾಮನ್ 1921ರಲ್ಲಿಯೇ ತೋರಿಸಿದ್ದರು. ಇಂತಹ ಸಮೃದ್ಧ ನಾದವನ್ನು ವಿದ್ಯುನ್ಮಂಡಲದಿಂದ ಅನುಕರಿಸುವುದು ಕಷ್ಟಸಾಧ್ಯ. ನಿಜವಾದ ತಂಬೂರಿಯ ಧ್ವನಿಯನ್ನೇ ಅಂಕೀಯ ಸ್ಮೃತಿಯಲ್ಲಿ ಸಂಗ್ರಹಿಸುವ ತಂತ್ರ ಬಂದ ಮೇಲೆ ಈ ಅಂತರ ಬಹುಮಟ್ಟಿಗೆ ಕುಗ್ಗಿತು.

ಈ ಸಾಧನದ ಉಪಕಾರವನ್ನು ಅಲ್ಲಗಳೆಯಲಾಗದು. ತಂಬೂರಿ ಮೀಟಲು ಮತ್ತೊಬ್ಬರಿಲ್ಲದ ವಿದ್ಯಾರ್ಥಿಗೂ, ಸದಾ ಪ್ರಯಾಣದಲ್ಲಿರುವ ಗಾಯಕರಿಗೂ ಅದು ಸ್ಥಿರವಾದ ಶ್ರುತಿಯನ್ನು ಒದಗಿಸಿತು. ಆದರೆ ಅದರ ಹಿಂದಿರುವ ವಾದ್ಯಕಲ್ಪನೆ ಶಾಸ್ತ್ರೀಯ ವೇದಿಕೆಯದು. ಅಲ್ಲಿ ತಂಬೂರಿಯ ಮೀಟು ತಾಳಕ್ಕೆ ಬದ್ಧವಲ್ಲ. ಹಾಡಿನ ಲಯ ಬದಲಾದರೂ ಶ್ರುತಿ ತನ್ನ ಪಾಡಿಗೆ ತಾನು ಹರಿಯುತ್ತಿರುತ್ತದೆ. ಆದ್ದರಿಂದಲೇ ಕೈಯಿಲ್ಲದೆ ನುಡಿಯುವ ಪೆಟ್ಟಿಗೆ ಅಲ್ಲಿ ಸಲ್ಲುತ್ತದೆ.

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಸೀಮೆಯ ನೆರೆಯಲ್ಲಿರುವ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಪರಂಪರೆಯ ಪ್ರಮುಖ ಕೇಂದ್ರ. ಈ ಪರಂಪರೆಯ ನೀಲಗಾರರ ತಂಬೂರಿಯ ಬಗೆಯೇ ಬೇರೆ. ಮುಖ್ಯ ಗಾಯಕ ಒಂದು ಕೈಯಲ್ಲಿ ತಂಬೂರಿ ಮೀಟುತ್ತ, ಇನ್ನೊಂದು ಕೈಯಲ್ಲಿ ಗಗ್ಗರ ನುಡಿಸುತ್ತ ಕಥೆ ಹಾಡುತ್ತಾನೆ. ಇಲ್ಲಿ ಮೀಟು ಶ್ರುತಿಯೂ ಹೌದು, ಗತಿಯೂ ಹೌದು. ಹಾಡು ಮಾತಾಗಿ ತಿರುಗುವಾಗ ಕೈ ತಡೆಯುತ್ತದೆ. ಕಥೆ ಬಿರುಸಾದಾಗ ತಾನೂ ಬಿರುಸಾಗುತ್ತದೆ. ನಿಗದಿತ ವೇಗದಲ್ಲಿ ಸುತ್ತುವ ಯಂತ್ರಕ್ಕೆ ಶಾಸ್ತ್ರೀಯ ಗಾಯನದಲ್ಲಿ ಗುಣವಾದುದು ಇಲ್ಲಿ ದೋಷವಾಗುತ್ತದೆ. ತಂಬೂರಿಯೆಂಬ ಒಂದೇ ಹೆಸರಿನಡಿ ಎರಡು ಭಿನ್ನ ವಾದ್ಯಧರ್ಮಗಳಿವೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೈಯಲ್ಲಿ ಹಿಡಿಯುವ ವಿದ್ಯುನ್ಮಾನ ವಾದ್ಯವೊಂದನ್ನು ಇಂಥ ಗಾಯಕರಿಗಾಗಿ ಕಲ್ಪಿಸುವುದಾದರೆ, ಗಾತ್ರವನ್ನು ಕಿರಿದುಗೊಳಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಬೆರಳಿನ ಒತ್ತಡವನ್ನೂ ಮೀಟಿನ ಕಾಲಾಂತರವನ್ನೂ ಗ್ರಹಿಸುವ ತಂತಿ ಅಥವಾ ಸಂವೇದಕ ಅದಕ್ಕೆ ಬೇಕು. ವೇಗವನ್ನು ಗುಂಡಿಗಲ್ಲ, ಕೈಗೆ ಬಿಡಬೇಕು. ಗಾಯಕ ನಿಲ್ಲಿಸಿದಾಗ ಅದೂ ಮೌನವಾಗಬೇಕು. ಮೊದಲ ಮಾದರಿಯ ಪರೀಕ್ಷೆ ಪ್ರಯೋಗಾಲಯದಲ್ಲಿ ಮುಗಿಯದೆ, ಇರುಳಿಡೀ ನಡೆಯುವ ಕಥಾಗಾಯನದಲ್ಲಿ ನಡೆಯಬೇಕು. ಕೈಸೋಲದ ಭಾರ, ಜನರ ಗದ್ದಲದಲ್ಲಿ ಕೇಳಿಸುವ ಧ್ವನಿ, ಬೆಳಗಿನವರೆಗೆ ಬಾಳುವ ಬ್ಯಾಟರಿ ಇವೆಲ್ಲ ಅಲ್ಲಿಯೇ ನಿರ್ಧಾರವಾಗಬೇಕಾದವು. ಒಡಲಿಗೆ ಚನ್ನಪಟ್ಟಣದ ಗೊಂಬೆಗಾರರು ಕಡೆಯುವ ಹಾಲೆಮರದಂತಹ ಹಗುರವಾದ ಮರವನ್ನು ಪರಿಶೀಲಿಸಬಹುದು.

ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಂತಹ ಸಂಗ್ರಹಾಲಯಗಳು ಜನಪದರ ವಸ್ತುಗಳನ್ನು ಅಳಿವಿನಿಂದ ಕಾಪಾಡಿವೆ. ಆದರೂ ಸಂಗ್ರಹಾಲಯದಲ್ಲಿರುವುದು ನುಡಿಯದ ತಂಬೂರಿ. ಮಾರುಕಟ್ಟೆಯಲ್ಲಿರುವುದು ಕೈಯಿಲ್ಲದೆ ನುಡಿಯುವ ತಂಬೂರಿ. ಎರಡರಲ್ಲಿಯೂ ಕೈಗೂ ಕೊರಳಿಗೂ ಇದ್ದ ನಂಟು ಬಿಟ್ಟುಹೋಗಿದೆ. ಈ ನಂಟನ್ನು ಅಳತೆ, ಧ್ವನಿಮುದ್ರಣ ಮತ್ತು ಚಿತ್ರೀಕರಣಗಳ ಮೂಲಕ ದಾಖಲಿಸುವುದು ವಾದ್ಯಸಂಶೋಧನೆಯ ಮೊದಲ ಹೊಣೆ. ಹಾಡುವವರ ಕೈ ಇರುವಾಗಲೇ ಆ ಕೆಲಸ ನಡೆಯಬೇಕು. ಹೊಸ ವಾದ್ಯದ ವಿನ್ಯಾಸ ಆ ದಾಖಲೆಯಿಂದ ಹೊರಡಬೇಕು.