ನ್ಯಾನೊ ಕಾರು: ಮೈಲೇಜಿನ ಲೆಕ್ಕ, ಸುರಕ್ಷತೆಯ ಲೆಕ್ಕ

ಯಾರಾದರೂ ಹೊಸ ಕಾರು ಕೊಂಡರೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? 'ಮೈಲೇಜ್ ಎಷ್ಟು ಕೊಡುತ್ತೆ?' ಎಂಬುದೇ ಅಲ್ಲವೆ? ಲೀಟರಿಗೆ ಇಷ್ಟು ಕಿಮೀ ಎಂಬ ಉತ್ತರ ಬಂದೊಡನೆ ಕಾರಿನ ಯೋಗ್ಯತೆ ತೀರ್ಮಾನವಾಯಿತೆಂದು ಭಾವಿಸುತ್ತೇವೆ. ಆದರೆ ಈ ಒಂದು ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ಇದನ್ನು ಪರಿಶೀಲಿಸಲು ಟಾಟಾ ನ್ಯಾನೊ ಬಹಳ ಒಳ್ಳೆಯ ಉದಾಹರಣೆ.

2008ರ ಜನವರಿ 10ರಂದು ದೆಹಲಿಯ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು 2009ರಲ್ಲಿ ಮಾರುಕಟ್ಟೆಗೆ ಬಂತು. 2018ರ ಅಂತ್ಯದ ಹೊತ್ತಿಗೆ ಅದರ ತಯಾರಿಕೆ ನಿಂತೇ ಹೋಯಿತು. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಹೋಗುತ್ತಿದ್ದ ಸಂಸಾರವನ್ನು ಕಂಡದ್ದೇ ಈ ಕಾರಿನ ಕಲ್ಪನೆಗೆ ಪ್ರೇರಣೆ ಎಂದು ರತನ್ ಟಾಟಾ ಹೇಳಿದ್ದರು. ಆ ಸಂಸಾರಕ್ಕೆ ಕೈಗೆಟುಕುವ ಬೆಲೆಯಲ್ಲಿ ಸುರಕ್ಷಿತ ವಾಹನ ಒದಗಿಸುವುದು ಉದ್ದೇಶವಾಗಿತ್ತು. ಈ ಉದ್ದೇಶವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಕಾರನ್ನು ವಿಮರ್ಶಿಸೋಣ.

ಚಾಲಕನ ಆಸನದಲ್ಲಿ

ಹೊರಗಿನಿಂದ ನೋಡಿ 'ಇದರಲ್ಲಿ ನಾಲ್ಕು ಜನ ಕೂರುವುದು ಹೇಗೆ?' ಎಂದುಕೊಂಡು ಒಳಗೆ ಹೋದರೆ ನಿಮಗೆ ಆಶ್ಚರ್ಯ ಕಾದಿರುತ್ತದೆ. ಕಾರಿನ ಉದ್ದ ಸುಮಾರು 3.1 ಮೀಟರ್ ಮಾತ್ರ, ಎತ್ತರವಾದರೋ 1.65 ಮೀಟರ್. ಎಂಜಿನ್ ಮುಂದೆ ಇಲ್ಲ, ಹಿಂದಿನ ಆಸನದ ಕೆಳಗೂ ಹಿಂದೆಯೂ ಅಡಗಿದೆ. ಚಕ್ರಗಳು 12 ಅಂಗುಲದವು. ಅವನ್ನು ನಾಲ್ಕು ಮೂಲೆಗಳಿಗೆ ತಳ್ಳಲಾಗಿದೆ. ಹೀಗೆ ಉಳಿದ ಜಾಗವೆಲ್ಲ ಪ್ರಯಾಣಿಕರ ಪಾಲಿಗೆ ಬಂದಿದೆ. ತಲೆ ಚಾವಣಿಗೆ ತಾಗುವುದಿಲ್ಲ, ಮಂಡಿ ಮುಂದಿನ ಆಸನಕ್ಕೆ ಒತ್ತುವುದಿಲ್ಲ.

ಕಾರನ್ನು ಚಾಲೂ ಮಾಡಿದಾಗ ಸದ್ದು ಹಿಂದಿನಿಂದ ಬರುತ್ತದೆ. ಸ್ವಲ್ಪ ನಡುಕವೂ ಇರುತ್ತದೆ. ಕಾರಣ ಸರಳ. 624 ಸಿ.ಸಿ. ಎಂಜಿನ್ನಿನಲ್ಲಿರುವುದು ಎರಡೇ ಸಿಲಿಂಡರ್. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಇಂಧನ ಉರಿಸುತ್ತದೆ. ನಿಂತಲ್ಲೇ ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ, ಎರಡು ಸಿಲಿಂಡರುಗಳಿಂದ ಸೆಕೆಂಡಿಗೆ 15 ನೂಕುಗಳು ಸಿಗುತ್ತವೆ. ನಾಲ್ಕು ಸಿಲಿಂಡರುಗಳಿದ್ದರೆ 30. ನೂಕುಗಳ ನಡುವಿನ ಅಂತರ ಹೆಚ್ಚಾದಷ್ಟೂ ನಡುಕ ಹೆಚ್ಚು.

ಮೊದಲ ಮಾದರಿಗಳಲ್ಲಿ ಪವರ್ ಸ್ಟಿಯರಿಂಗ್ ಇರಲಿಲ್ಲ. ಆದರೂ ಕಾರು ಸಲೀಸಾಗಿ ತಿರುಗುತ್ತಿತ್ತು. ಎಂಜಿನ್ನಿನ ಭಾರ ಹಿಂದಿರುವುದರಿಂದ ಮುಂದಿನ ಚಕ್ರಗಳ ಮೇಲಿನ ಹೊರೆ ಕಡಿಮೆ. ಸುಮಾರು 4 ಮೀಟರ್ ತಿರುಗು ತ್ರಿಜ್ಯವಿರುವ ಕಾರನ್ನು ಪೇಟೆಬೀದಿಯ ಇಕ್ಕಟ್ಟಿನಲ್ಲಿ ಹಿಂದಕ್ಕೆ ತಿರುಗಿಸುವುದು ಸುಲಭ. ಇನ್ನೊಂದು ಜಾಣತನವನ್ನೂ ಗಮನಿಸಿ. ಹಿಂದಿನ ಟೈರುಗಳು ಮುಂದಿನವುಗಳಿಗಿಂತ ಅಗಲ. ಹಿಂಭಾಗ ಭಾರವಿರುವ ಕಾರು ತಿರುವಿನಲ್ಲಿ ಹಿಂದಿನಿಂದ ಜಾರುವ ಸಂಭವ ಹೆಚ್ಚು. ಅಗಲ ಟೈರಿನ ಹಿಡಿತ ಅದನ್ನು ತಡೆಯುತ್ತದೆ.

ಕೊರತೆಗಳೂ ಇದ್ದವು. ಪೆಟ್ರೋಲ್ ಹಾಕಿಸಲು ಮುಂದಿನ ಬಾನೆಟ್ ತೆರೆಯಬೇಕು. ಹಿಂಬದಿಯ ಬಾಗಿಲು ತೆರೆಯುವ ಸೌಲಭ್ಯ ಬಂದದ್ದು 2015ರಲ್ಲಿ. ಅಲ್ಲಿಯವರೆಗೆ ಸಾಮಾನನ್ನು ಹಿಂದಿನ ಆಸನ ಮಡಚಿಯೇ ಇಡಬೇಕಿತ್ತು. ಇವೆಲ್ಲ ಸಹಿಸಬಹುದಾದ ತೊಂದರೆಗಳು.

ಹಗುರವಾಗಿದ್ದರ ಲಾಭ

ಪ್ರಯೋಗಾಲಯದ ಪರೀಕ್ಷೆಯಲ್ಲಿ ನ್ಯಾನೊ ಮೊದಲು ಪಡೆದ ಇಂಧನ ಕ್ಷಮತೆ ಲೀಟರಿಗೆ 23.6 ಕಿಮೀ. ಇದಕ್ಕೆ ಮುಖ್ಯ ಕಾರಣ ಪುಟ್ಟ ಎಂಜಿನ್ ಎಂದು ಹಲವರು ತಿಳಿದಿದ್ದಾರೆ. ಊರೊಳಗಿನ ಓಡಾಟದಲ್ಲಿ ಅದಕ್ಕಿಂತ ದೊಡ್ಡ ಪಾತ್ರ ಕಾರಿನ ರಾಶಿಯದು. ನ್ಯಾನೊ ಸುಮಾರು 600 ಕೆಜಿ. ಇಬ್ಬರು ಕುಳಿತರೆ 740 ಕೆಜಿ ಎನ್ನೋಣ. ಗಂಟೆಗೆ 40 ಕಿಮೀ ವೇಗದಲ್ಲಿ (ಸೆಕೆಂಡಿಗೆ 11.1 ಮೀ) ಅದರ ಚಲನ ಶಕ್ತಿ ಸುಮಾರು 46 ಕಿಲೋಜೂಲ್. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದಾಗ ಇದಿಷ್ಟೂ ಶಾಖವಾಗಿ ವ್ಯರ್ಥವಾಗುತ್ತದೆ. ಮತ್ತೆ ಅದೇ ವೇಗ ಪಡೆಯಲು, ಎಂಜಿನ್ನಿನ ದಕ್ಷತೆ 20% ಎಂದಿಟ್ಟುಕೊಂಡರೆ, 230 ಕಿಲೋಜೂಲ್ ಶಕ್ತಿಯಷ್ಟು ಪೆಟ್ರೋಲ್ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುವುದರಿಂದ ಇದು 7 ಮಿಲಿಲೀಟರ್ ಆಗುತ್ತದೆ. 1200 ಕೆಜಿಯ ಕಾರಿನಲ್ಲಿ ಅದೇ ಇಬ್ಬರು ಕುಳಿತಿದ್ದರೆ ಸುಮಾರು 13 ಮಿಲಿಲೀಟರ್! ದಿನಕ್ಕೆ ಎಷ್ಟು ಬಾರಿ ನಿಲ್ಲುತ್ತೀರಿ ಎಂದು ಎಣಿಸಿ ನೋಡಿ.

ವೇಗ ಹೆಚ್ಚಿದಾಗ

ಹೆದ್ದಾರಿಗೆ ಬಂದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ನಿಲ್ಲುವುದು ಅಪರೂಪ, ಎದುರಾಳಿ ಗಾಳಿ. ಗಾಳಿಯ ರೋಧ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕಾರಿನ ಎದುರು ಮೈಯ ವಿಸ್ತೀರ್ಣ 2.1 ಚದರ ಮೀಟರ್, ರೋಧ ಗುಣಾಂಕ 0.35 ಎಂದು ಊಹಿಸಿದರೆ, ಗಂಟೆಗೆ 40 ಕಿಮೀ ವೇಗದಲ್ಲಿ ಗಾಳಿಯ ರೋಧ ಸುಮಾರು 55 ನ್ಯೂಟನ್. 80 ಕಿಮೀ ವೇಗದಲ್ಲಿ ಅದರ ನಾಲ್ಕು ಪಟ್ಟು, ಸುಮಾರು 218 ನ್ಯೂಟನ್. ಟೈರುಗಳ ಉರುಳು ಘರ್ಷಣೆ (ಸುಮಾರು 87 ನ್ಯೂಟನ್) ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎತ್ತರವಾದ ಮೈ ಒಳಗೆ ಜಾಗ ಕೊಟ್ಟಿತು, ಹೊರಗೆ ಗಾಳಿಗೆ ಎದೆಯೊಡ್ಡಿತು. ನ್ಯಾನೊ ಊರಿನ ಕಾರೇ ಹೊರತು ಹೆದ್ದಾರಿಯ ಕಾರಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ.

ಅಳತೆಯಲ್ಲೇ ಇರುವ ತೊಡಕು

'ಲೀಟರಿಗೆ ಕಿಮೀ' ಎಂಬ ಅಳತೆ ನಮ್ಮನ್ನು ದಾರಿ ತಪ್ಪಿಸಬಲ್ಲದು. 10 ಕಿಮೀ ಕೊಡುವ ಕಾರಿನ ಬದಲು 15 ಕಿಮೀ ಕೊಡುವ ಕಾರು ಕೊಂಡರೆ 5 ಕಿಮೀ ಲಾಭ. 20ರಿಂದ 25ಕ್ಕೆ ಹೋದರೂ 5 ಕಿಮೀ ಲಾಭ. ಎರಡೂ ಒಂದೇ ಎಂದು ತೋರುತ್ತದೆ. ಆದರೆ 100 ಕಿಮೀ ದೂರಕ್ಕೆ ಬೇಕಾದ ಪೆಟ್ರೋಲನ್ನು ಲೆಕ್ಕ ಹಾಕಿ. ಮೊದಲನೆಯದರಲ್ಲಿ 10 ಲೀಟರ್ 6.7ಕ್ಕೆ ಇಳಿಯುತ್ತದೆ, ಉಳಿತಾಯ 3.3 ಲೀಟರ್. ಎರಡನೆಯದರಲ್ಲಿ 5 ಲೀಟರ್ 4ಕ್ಕೆ ಇಳಿಯುತ್ತದೆ. ಉಳಿತಾಯ ಒಂದೇ ಲೀಟರ್.

ಈಗ ನಮ್ಮ ಸ್ಕೂಟರ್ ಸಂಸಾರಕ್ಕೆ ಮರಳೋಣ. ಸ್ಕೂಟರ್ ಲೀಟರಿಗೆ 50 ಕಿಮೀ ಓಡುತ್ತದೆ ಎಂದುಕೊಂಡರೆ 100 ಕಿಮೀಗೆ 2 ಲೀಟರ್ ಸಾಕು. ನ್ಯಾನೊಗೆ 4.2 ಲೀಟರ್ ಬೇಕು. ಅಂದರೆ 'ಇಂಧನ ಉಳಿಸುವ' ಕಾರು ಕೊಂಡ ಈ ಮನೆಯಲ್ಲಿ ಪೆಟ್ರೋಲ್ ಖರ್ಚು ಎರಡು ಪಟ್ಟಿಗಿಂತ ಹೆಚ್ಚಾಯಿತು! ದೊಡ್ಡ ಕಾರನ್ನು ಬಿಟ್ಟು ಬಂದವರಿಗೆ ಮಾತ್ರ ಇದು ಉಳಿತಾಯ. ಹಾಗಾದರೆ ಸ್ಕೂಟರ್ ಬಿಟ್ಟು ಬಂದವರು ಆ ಹೆಚ್ಚುವರಿ 2.2 ಲೀಟರಿಗೆ ಏನನ್ನು ಕೊಂಡರು? ಬಿಸಿಲು ಮಳೆಗಳಿಂದ ಆಶ್ರಯ, ಜೊತೆಗೆ ಮುಖ್ಯವಾಗಿ ಜೀವರಕ್ಷಣೆ. ಆದ್ದರಿಂದ ನ್ಯಾನೊದ ನಿಜವಾದ ಪರೀಕ್ಷೆ ಮೈಲೇಜಿನದಲ್ಲ, ಸುರಕ್ಷತೆಯದು.

ಸೊನ್ನೆ ನಕ್ಷತ್ರ

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗಂಟೆಗೆ 64 ಕಿಮೀ ವೇಗದ ಡಿಕ್ಕಿ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ವಯಸ್ಕರ ರಕ್ಷಣೆಯಲ್ಲಿ ನ್ಯಾನೊಗೆ ಸಿಕ್ಕಿದ್ದು ಸೊನ್ನೆ ನಕ್ಷತ್ರ. ನ್ಯಾನೊ ಒಂದನ್ನೇ ದೂರುವುದು ನ್ಯಾಯವಲ್ಲ. ಆ ಸುತ್ತಿನಲ್ಲಿ ಏರ್‌ಬ್ಯಾಗ್ ಇಲ್ಲದೆ ಪರೀಕ್ಷೆಗೊಳಗಾದ ಐದೂ ಕಾರುಗಳಿಗೆ ಸೊನ್ನೆಯೇ ಬಂತು. ಆದರೆ ವ್ಯತ್ಯಾಸವೊಂದಿದೆ. ಅವುಗಳಲ್ಲಿ ಒಂದಾದ ಪೋಲೊ ಕಾರಿಗೆ ಏರ್‌ಬ್ಯಾಗ್ ಅಳವಡಿಸಿ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಸಿಕ್ಕಿತು. ನ್ಯಾನೊದಲ್ಲಿ ಕಾರಿನ ಚೌಕಟ್ಟೇ ಸಾಲದೆಂದು ವರದಿ ಹೇಳಿತು.

ಇಲ್ಲಿಯ ಭೌತವಿಜ್ಞಾನ ಪ್ರೌಢಶಾಲೆಯ ಪಾಠವೇ. 64 ಕಿಮೀ ಎಂದರೆ ಸೆಕೆಂಡಿಗೆ 17.8 ಮೀ. ಪ್ರಯಾಣಿಕ ಈ ವೇಗದಿಂದ ಒಂದು ಮೀಟರ್ ದೂರದಲ್ಲಿ ನಿಂತರೆ ಅವನ ಸರಾಸರಿ ವೇಗಾಪಕರ್ಷ ಗುರುತ್ವ ವೇಗೋತ್ಕರ್ಷದ 16 ಪಟ್ಟು. ಅರ್ಧ ಮೀಟರಿನಲ್ಲಿ ನಿಂತರೆ 32 ಪಟ್ಟು. ಆದ್ದರಿಂದ ಕಾರಿನ ಮೂಗು ನಿಧಾನವಾಗಿ ನಜ್ಜುಗುಜ್ಜಾಗಬೇಕು, ಪ್ರಯಾಣಿಕರ ಗೂಡು ಮಾತ್ರ ಕುಸಿಯಬಾರದು. ಮೂಗು ಗಿಡ್ಡವಾದಷ್ಟೂ ಗೂಡು ಇನ್ನಷ್ಟು ಗಟ್ಟಿಯಾಗಿರಬೇಕಾಗುತ್ತದೆ. ಅದಕ್ಕೆ ಉತ್ತಮ ಉಕ್ಕು ಬೇಕು. ಒಂದು ಲಕ್ಷ ರೂಪಾಯಿಯ ಗುರಿಯಲ್ಲಿ ಅದಕ್ಕೆ ಅವಕಾಶ ಕಡಿಮೆ.

ಹಾಗೆಂದು ಸ್ಕೂಟರಿಗಿಂತ ನ್ಯಾನೊ ಅಪಾಯಕಾರಿ ಎಂದು ತೀರ್ಮಾನಿಸಬೇಡಿ. ಸೀಟ್‌ಬೆಲ್ಟ್ ಕಟ್ಟಿಕೊಂಡು ನಾಲ್ಕು ಚಕ್ರಗಳ ಮೇಲೆ ಕುಳಿತವರಿಗೂ ರಸ್ತೆಗೆ ಮೈಯೊಡ್ಡಿದವರಿಗೂ ಹೋಲಿಕೆಯಿಲ್ಲ. ನಮ್ಮ ಆಕ್ಷೇಪ ಬೇರೆ. ಯಾವ ಉದ್ದೇಶದಿಂದ ಕಾರು ಹುಟ್ಟಿತೋ ಆ ಉದ್ದೇಶಕ್ಕೆ ಜಾಹೀರಾತಿನಲ್ಲಿ ಒಂದು ಸಂಖ್ಯೆಯೂ ಇರಲಿಲ್ಲ. ಬೆಲೆಗೆ ಸಂಖ್ಯೆಯಿತ್ತು, ಮೈಲೇಜಿಗೆ ಸಂಖ್ಯೆಯಿತ್ತು. ಕೊಳ್ಳುವವರಾದ ನಾವೂ ಮೂರನೆಯ ಸಂಖ್ಯೆಯನ್ನು ಕೇಳಲಿಲ್ಲ. ಹೊಸ ಮಾದರಿಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾದದ್ದು 2017ರಲ್ಲಿ. ನಮ್ಮದೇ ಭಾರತ್ ಎನ್‌ಕ್ಯಾಪ್ ನಕ್ಷತ್ರ ಪದ್ಧತಿ ಬಂದದ್ದು 2023ರಲ್ಲಿ.

ಕಡಿಮೆ ಉಕ್ಕಿನಲ್ಲಿ, ಕಡಿಮೆ ಜಾಗದಲ್ಲಿ ನಾಲ್ವರನ್ನು ಕೂರಿಸಿದ ನ್ಯಾನೊದ ವಿನ್ಯಾಸ ಮೆಚ್ಚತಕ್ಕದ್ದೇ. ಅದರ ಎಂಜಿನಿಯರುಗಳು ತಮಗೆ ಕೊಟ್ಟ ಲೆಕ್ಕವನ್ನು ಚೆನ್ನಾಗಿಯೇ ಬಿಡಿಸಿದರು. ಲೆಕ್ಕ ಕೊಡುವಾಗಲೇ ಒಂದು ಅಂಶ ಹಿಂದೆ ಬಿದ್ದಿತ್ತು.

ಶಿಕ್ಷಕರು ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿಸಬಹುದು. ವಿದ್ಯಾರ್ಥಿಗಳು ತಮ್ಮ ಮನೆಯ ಅಥವಾ ನೆರೆಮನೆಯ ವಾಹನದ ಮೈಲೇಜನ್ನು '100 ಕಿಮೀಗೆ ಇಷ್ಟು ಲೀಟರ್' ಎಂದು ಬದಲಿಸಿ, ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಲಿ. ಲೀಟರಿಗೆ 4 ಕಿಮೀ ಓಡುವ, 50 ಜನರನ್ನು ಹೊತ್ತ ಬಸ್ಸಿಗೂ ಇದೇ ಲೆಕ್ಕ ಮಾಡಲಿ. ತಲೆಗೆ ಅರ್ಧ ಲೀಟರ್ ಎಂಬ ಉತ್ತರ ಬಂದಾಗ, ನಿಜವಾಗಿ ಇಂಧನ ಉಳಿಸುವ ವಾಹನ ಯಾವುದೆಂಬುದನ್ನು ಅವರೇ ಹೇಳುತ್ತಾರೆ.